ಪಟ್ಟಿ ಒಬ್ಬನ ಫೋನಿನಲ್ಲಿದ್ದಾಗ

ಬಾಲಾನಗರದ ಶೆಡ್ಡುಗಳ ಓಣಿಗೆ ಬೆಳಗ್ಗೆ ಒಂಬತ್ತರ ಹೊತ್ತಿಗೆ ಹೋದರೆ ಕಣ್ಣಿಗಿಂತ ಮೊದಲು ಕಿವಿ ತುಂಬುತ್ತದೆ. ಒಂದು ಕಡೆ ಲೇತ್ ತಿರುಗುತ್ತಿರುತ್ತದೆ, ಪಕ್ಕದಲ್ಲಿ ಗ್ರೈಂಡಿಂಗ್ ಕಿರುಚುತ್ತಿರುತ್ತದೆ, ಎದುರಿಗೆ ಯಾರೋ ತಗಡು ಬಡಿಯುತ್ತಿರುತ್ತಾರೆ. 1960ರ ದಶಕದಲ್ಲಿ ಎಚ್‌ಎಎಲ್, ಐಡಿಪಿಎಲ್‌ನಂಥ ದೊಡ್ಡ ಸರ್ಕಾರಿ ಕಾರ್ಖಾನೆಗಳು ಈ ಕಡೆ ಬಂದವು. 1968ರಲ್ಲಿ ಟೂಲ್ ಡಿಸೈನ್ ಕಲಿಸುವ ಸಿಐಟಿಡಿ ಬಂತು. ಅವುಗಳ ಸುತ್ತ ಎರಡು ಮಷೀನು, ಮೂರು ಮಷೀನಿನ ಸಣ್ಣ ಶೆಡ್ಡುಗಳು ಹುಟ್ಟಿಕೊಂಡವು. ಐಡಿಪಿಎಲ್ ನಿಂತುಹೋಯಿತು. ಶೆಡ್ಡುಗಳು ಉಳಿದುಕೊಂಡಿವೆ.

ನಮ್ಮ ಕಾಕಾನದು ಅಂಥದ್ದೊಂದು ಶೆಡ್ಡು. ಸ್ವಂತ ಕಾಕಾ ಅಲ್ಲ. ಅವರು ಹುಮನಾಬಾದಿನವರು, ನಾನು ಬಸವಕಲ್ಯಾಣದವನು. ಹೈದರಾಬಾದಿನಲ್ಲಿ ಇಷ್ಟು ಸಂಬಂಧ ಸಾಕು. ಎರಡು ಲೇತು, ಒಂದು ಹಳೆಯ ಮಿಲ್ಲಿಂಗ್ ಮಷೀನು, ಗೋಡೆಗೆ ಬಸವಣ್ಣನ ಫೋಟೋ ಇರುವ ಕ್ಯಾಲೆಂಡರು. ಅವರ ಹತ್ತಿರ ಒಂದು ಶಾಫ್ಟ್ ಕೆಲಸ ಬಂತು ಅನ್ನಿ. ಟರ್ನಿಂಗ್ ಅವರೇ ಮಾಡುತ್ತಾರೆ. ಕೀವೇ ಹೊಡೆಯಲು ಎರಡು ಶೆಡ್ಡು ಆಚೆ ಹೋಗುತ್ತದೆ. ಹೀಟ್ ಟ್ರೀಟ್‌ಮೆಂಟಿಗೆ ಇನ್ನೊಂದು ಕಡೆ, ಗ್ರೈಂಡಿಂಗಿಗೆ ಮತ್ತೊಂದು ಕಡೆ. ಟ್ರಾಲಿ ಆಟೋದಲ್ಲಿ ಕಬ್ಬಿಣ ಓಣಿಯಿಂದ ಓಣಿಗೆ ಓಡಾಡಿ, ನಾಲ್ಕನೆಯ ದಿನ ಪೂರ್ತಿಯಾಗಿ ಬರುತ್ತದೆ. ಇಷ್ಟಕ್ಕೂ ಯಾವ ಮ್ಯಾನೇಜರೂ ಇಲ್ಲ, ಮುಖ್ಯ ಕಚೇರಿಯೂ ಇಲ್ಲ.

ನನ್ನ ಹೊಟ್ಟೆಪಾಡು ಸರ್ವರುಗಳನ್ನು ನೋಡಿಕೊಳ್ಳುವುದು. ನಮ್ಮ ಭಾಷೆಯಲ್ಲಿ ಕಾಕಾನ ಓಣಿಯಂಥದ್ದಕ್ಕೆ ಪೀರ್ ಟು ಪೀರ್ ನೆಟ್‌ವರ್ಕ್ ಎನ್ನುತ್ತಾರೆ. ಸರೀಕರ ಜಾಲ ಎಂದುಕೊಳ್ಳಿ. ಎಲ್ಲರೂ ಸರೀಕರು, ಎಲ್ಲರೂ ಕೊಡುವವರು, ಎಲ್ಲರೂ ತೆಗೆದುಕೊಳ್ಳುವವರು. ಇಂಥ ಜಾಲದಲ್ಲಿ ಯಾರು ಯಾವಾಗ ಬರುತ್ತಾರೆ, ಯಾವಾಗ ಹೋಗುತ್ತಾರೆ ಎಂಬ ಖಾತ್ರಿಯಿಲ್ಲ. ಕರೆಂಟು ಹೋಗುತ್ತದೆ, ಲೈನು ಕಟ್ಟಾಗುತ್ತದೆ, ಮನುಷ್ಯ ಮಲಗುತ್ತಾನೆ. ಹಾಗಿದ್ದೂ ಜಾಲ ನಡೆಯುವುದು ಹೇಗೆ? ಈ ತಿಂಗಳು ಅದನ್ನೇ ಬರೆಯುತ್ತೇನೆ. ಅದಕ್ಕೆ ಮೊದಲು ನನ್ನದೊಂದು ತಪ್ಪು ಹೇಳಿಬಿಡುತ್ತೇನೆ. ಇಷ್ಟು ವರ್ಷ ಬರೆಯದೆ ಇಟ್ಟುಕೊಂಡದ್ದು.

*

2020ರ ಲಾಕ್‌ಡೌನಿನಲ್ಲಿ ಬಾಲಾನಗರ, ಫತೇನಗರ, ಮೂಸಾಪೇಟೆ, ಕೂಕಟ್‌ಪಲ್ಲಿ ಸುತ್ತಿನ ನಲವತ್ತು ಕನ್ನಡ ಮನೆಗಳವರು ಒಂದು ಗುಂಪು ಮಾಡಿಕೊಂಡೆವು. ಮೊದಲು ಜೋಳದ ಹಿಟ್ಟು, ಔಷಧಿ, ಊರಿಗೆ ಹೋಗುವವರ ಗಾಡಿಯಲ್ಲಿ ಒಂದು ಸೀಟು, ಇಷ್ಟೇ ಇತ್ತು. 2021ರ ಏಪ್ರಿಲ್‌ನಲ್ಲಿ ಎರಡನೆಯ ಅಲೆ ಬಂದಾಗ ಎಲ್ಲರೂ ದುಡ್ಡು ಹಾಕಿ ಮೂರು ಆಕ್ಸಿಜನ್ ಕಾನ್ಸನ್‌ಟ್ರೇಟರ್ ಕೊಂಡೆವು. ಆಸ್ಪತ್ರೆಯಲ್ಲಿ ಬೆಡ್ ಸಿಗುವತನಕ ಉಸಿರು ಹಿಡಿದಿಡಲು ಒಂದು ಆಸರೆ. ಒಂದು ಮನೆಯಲ್ಲಿ ಕೆಲಸ ಮುಗಿದ ಮೇಲೆ ಇನ್ನೊಂದು ಮನೆಗೆ ಹೋಗಬೇಕು.

ಯಾವ ಯಂತ್ರ ಯಾರ ಮನೆಯಲ್ಲಿದೆ ಎಂಬ ಲೆಕ್ಕ ನನ್ನ ಪಾಲಿಗೆ ಬಂತು. ಕಂಪ್ಯೂಟರಿನವನಲ್ಲವೇ! ಚಂದವಾದ ಶೀಟು ಮಾಡಿದೆ. ಬಣ್ಣ ಹಾಕಿದೆ. ಯಾರ ಮನೆಯಲ್ಲಿ ಕಾಯಿಲೆ ಎಂಬುದು ಊರಿಗೆಲ್ಲ ತಿಳಿಯಬಾರದು ಎಂದು ಬೇರೆಯವರು ನೋಡದಂತೆ ಬೀಗವನ್ನೂ ಹಾಕಿದೆ. ಕಾರಣ ಒಳ್ಳೆಯದೇ ಇತ್ತು. ಯಂತ್ರ ಬೇಕಾದವರು ನನಗೆ ಫೋನ್ ಮಾಡಬೇಕು, ಮುಗಿದವರೂ ನನಗೇ ತಿಳಿಸಬೇಕು, ಟ್ರಾಲಿ ಆಟೋದವನಿಗೆ ಹೇಳಿ ನಾನೇ ಕಳಿಸಬೇಕು. ಎರಡು ವಾರ ಗಡಿಯಾರದ ಹಾಗೆ ನಡೆಯಿತು. ಎಲ್ಲರೂ ಹೊಗಳಿದರು.

ಆ ತಿಂಗಳ ಕೊನೆಯ ವಾರ ನನಗೇ ಜ್ವರ ಬಂತು. ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿದ್ದೆ. ಮೂರನೆಯ ದಿನ ಸಂಜೆ ಮಾತ್ರೆ ನುಂಗಿ ಮಲಗಿದವನಿಗೆ ಫೋನಿನ ಚಾರ್ಜ್ ಮುಗಿದದ್ದೂ ಗೊತ್ತಾಗಲಿಲ್ಲ.

ಅದೇ ರಾತ್ರಿ ಹತ್ತೂವರೆಗೆ ಕಾಕಿಯ ಆಕ್ಸಿಜನ್ 88ಕ್ಕೆ ಇಳಿಯಿತು. ಕಾಕಾ ನನಗೆ ಹದಿನಾಲ್ಕು ಸಲ ಫೋನ್ ಮಾಡಿದ್ದಾರೆ. ಗುಂಪಿನಲ್ಲಿ ಕೇಳಿದ್ದಾರೆ. ಎಲ್ಲರೂ ಮರುಗಿ ಮೆಸೇಜ್ ಹಾಕಿದ್ದಾರೆ, ಎಲ್ಲೆಲ್ಲಿಂದಲೋ ಬಂದ ನಂಬರುಗಳನ್ನು ಕಳಿಸಿದ್ದಾರೆ. ಒಂದು ನಂಬರು ಸ್ವಿಚ್ ಆಫ್, ಇನ್ನೊಂದು ದಿಲ್ಲಿಯದು, ಮತ್ತೊಂದರಲ್ಲಿ ಯಾರೋ ಅಳುತ್ತಾ "ನಮಗೂ ಬೇಕು" ಅಂದರಂತೆ. ರಾತ್ರಿ ಕರ್ಫ್ಯೂ ಇತ್ತು. ಒಂಬತ್ತರಿಂದ ಬೆಳಗ್ಗೆ ಐದರತನಕ. ಮಗನನ್ನು ಬೈಕಿನಲ್ಲಿ ಸನತ್‌ನಗರದ ಕಡೆ ಕಳಿಸಿದರು, ಆಮೇಲೆ ಜೀಡಿಮೆಟ್ಲ ಕಡೆ. ಬರಿಗೈಯಲ್ಲಿ ಬಂದ.

ಒಂದೂವರೆಗೆ ಕಾಕಾನಿಗೆ ಟ್ರಾಲಿ ಆಟೋದವನ ನೆನಪಾಯಿತು. ಶೆಡ್ಡಿನ ಮಾಲು ಸಾಗಿಸುವವನೇ ನಮ್ಮ ಯಂತ್ರಗಳನ್ನೂ ಸಾಗಿಸುತ್ತಿದ್ದ. ಅವನನ್ನು ಎಬ್ಬಿಸಿ ಕೇಳಿದರೆ, ಹೋದ ವಾರ ಒಂದು ಯಂತ್ರ ಇಳಿಸಿದ್ದು ಕಾಕಾನ ಮನೆಯಿಂದ ಎರಡೇ ಓಣಿ ಆಚೆ. ಹೋಗಿ ಬಾಗಿಲು ಬಡಿದರು. ಆ ಮನೆಯ ಅಜ್ಜ ಚೇತರಿಸಿಕೊಂಡಿದ್ದರು. ಯಂತ್ರ ಬೆಳಗಿನಿಂದ ಆಫ್ ಮಾಡಿ, ಒರೆಸಿ, ಬಾಗಿಲ ಹತ್ತಿರ ಇಟ್ಟಿದ್ದರು. ಎಲ್ಲಿಗೆ ಕಳಿಸಬೇಕು ಎಂದು ನನ್ನ ಮೆಸೇಜಿಗೆ ಕಾಯುತ್ತಾ ಕೂತಿದ್ದರು.

ಮೂರು ತಾಸು. ಯಂತ್ರವಿತ್ತು, ಬೇಕಾದವರಿದ್ದರು, ಕೊಡುವವರಿದ್ದರು. ಇಲ್ಲದೇ ಇದ್ದದ್ದು ನಾನೊಬ್ಬ.

ಕಾಕಿಗೆ ಮರುದಿನ ಮಧ್ಯಾಹ್ನ ಬೆಡ್ ಸಿಕ್ಕಿತು. ಒಂಬತ್ತು ದಿನ ಇದ್ದು ಮನೆಗೆ ಬಂದರು. ಅದರಲ್ಲಿ ನನ್ನ ಜಾಣತನದ ಪಾಲು ಏನೂ ಇಲ್ಲ.

ತಿಂಗಳ ಮೇಲೆ ಕಾಕಾ ಶೆಡ್ಡಿನಲ್ಲಿ ಚಹಾ ಕುಡಿಸುತ್ತಾ ಒಂದೇ ಮಾತು ಅಂದರು. "ತಮ್ಮಾ, ನಿನ್ನ ಶೀಟು ಭಾಳ ಶಾಣ್ಯಾ ಅದ, ಖರೆ. ಆದ್ರ ನೀ ಮಲಗಿದಿ ಅಂದ್ರ ಅದೂ ಮಲಗತದ." ಬೈದಿದ್ದರೆ ಹಗುರಾಗುತ್ತಿತ್ತು.

*

ನಾಚಿಕೆಯ ಸಂಗತಿ ಏನೆಂದರೆ, ಈ ಪಾಠವನ್ನು ನಾನು ಕೆಲಸದಲ್ಲಿ ಓದಿದವನೇ. 1999ರಲ್ಲಿ ಅಮೆರಿಕದ ಶಾನ್ ಫ್ಯಾನಿಂಗ್ ಎಂಬ ಹುಡುಗ ನ್ಯಾಪ್‌ಸ್ಟರ್ ಮಾಡಿದ. ಜನ ತಮ್ಮ ಕಂಪ್ಯೂಟರಿನಲ್ಲಿದ್ದ ಹಾಡುಗಳನ್ನು ನೇರವಾಗಿ ಒಬ್ಬರಿಂದೊಬ್ಬರು ತೆಗೆದುಕೊಳ್ಳಬಹುದಿತ್ತು. ಹಾಡುಗಳು ಇದ್ದದ್ದು ಕೋಟ್ಯಂತರ ಜನರ ಬಳಿ. ಆದರೆ ಯಾವ ಹಾಡು ಯಾರ ಬಳಿ ಇದೆ ಎಂಬ ಪಟ್ಟಿ ಮಾತ್ರ ಕಂಪನಿಯ ಸರ್ವರಿನಲ್ಲಿತ್ತು. ಹಕ್ಕುಸ್ವಾಮ್ಯದ ಮೊಕದ್ದಮೆಯಲ್ಲಿ ಸೋತು 2001ರ ಜುಲೈನಲ್ಲಿ ಆ ಸರ್ವರ್ ನಿಂತಿತು. ಹಾಡುಗಳು ಎಲ್ಲಿಗೂ ಹೋಗಿರಲಿಲ್ಲ, ಇದ್ದಲ್ಲೇ ಇದ್ದವು. ಪಟ್ಟಿ ಹೋದದ್ದರಿಂದ ಜಾಲವೇ ಹೋಯಿತು. ಹಾಡು ಕದಿಯುವುದು ಸರಿಯೇ ಎಂಬುದು ಬೇರೆ ಮಾತು. ಕೋರ್ಟು ಅದಕ್ಕೆ ಉತ್ತರ ಕೊಟ್ಟಿದೆ. ಜಾಲ ಕಟ್ಟುವವರು ಕಲಿತ ಪಾಠ ಇನ್ನೊಂದು: ಸಾಮಾನು ಎಲ್ಲರ ಬಳಿ ಇದ್ದರೆ ಸಾಲದು, ಸಾಮಾನು ಎಲ್ಲಿದೆ ಎಂಬ ತಿಳಿವಳಿಕೆಯೂ ಹಂಚಿಹೋಗಿರಬೇಕು.

ಹಾಗಾದರೆ ಪಟ್ಟಿಯೇ ಬೇಡ, ಎಲ್ಲರನ್ನೂ ಕೇಳಿಬಿಡೋಣ ಎಂದು ಹೊರಟದ್ದು ನುಟೆಲ್ಲಾ. 2000ದ ಮಾರ್ಚ್‌ನಲ್ಲಿ ಬಂತು. ನನಗೆ ಒಂದು ಕಡತ ಬೇಕು ಎಂದರೆ ನನ್ನ ಪರಿಚಯದ ನಾಲ್ಕೈದು ಕಂಪ್ಯೂಟರುಗಳಿಗೆ ಹೇಳುತ್ತೇನೆ, ಅವು ತಮ್ಮ ಪರಿಚಯದವಕ್ಕೆ ಹೇಳುತ್ತವೆ, ಹೀಗೆ ಡಂಗುರ ಸಾಗುತ್ತದೆ. ಪಟ್ಟಿಯಿಲ್ಲ, ಆದ್ದರಿಂದ ಮುಚ್ಚಲು ಬಾಗಿಲೂ ಇಲ್ಲ.

ಆದರೆ ಅದೇ ವರ್ಷ ನ್ಯಾಪ್‌ಸ್ಟರ್ ಮುಚ್ಚಬಹುದು ಎಂಬ ಸುದ್ದಿ ಹಬ್ಬಿ ಜನ ಇತ್ತ ನುಗ್ಗಿದಾಗ ನುಟೆಲ್ಲಾ ಉಸಿರುಗಟ್ಟಿತು. ಆಗ ಎಷ್ಟೋ ಜನರ ಮನೆಯಲ್ಲಿ ಇದ್ದದ್ದು ಟೆಲಿಫೋನ್ ಲೈನಿನ ಮೋಡೆಮ್. ತಮ್ಮದಲ್ಲದ ಕೇಳಿಕೆಗಳನ್ನು ಮುಂದೆ ದಾಟಿಸುವುದರಲ್ಲೇ ಆ ಸಣ್ಣ ಲೈನುಗಳು ತುಂಬಿಹೋದವು. ನುಟೆಲ್ಲಾ ಆಗ ತನ್ನ ರೂಪ ಬದಲಿಸಿಕೊಂಡಿತು. ಒಳ್ಳೆಯ ಲೈನು ಇರುವ, ಹೆಚ್ಚು ಹೊತ್ತು ಎಚ್ಚರವಿರುವ ಕಂಪ್ಯೂಟರುಗಳು ಡಂಗುರದ ಭಾರ ಹೊತ್ತವು. ಸಣ್ಣ ಲೈನಿನವು ಅವುಗಳ ನೆರಳಲ್ಲಿ ನಿಂತವು. ಮೇಲಿನಿಂದ ಯಾರೂ ಅವರನ್ನು ನೇಮಿಸಲಿಲ್ಲ. ಶಕ್ತಿ ಇದ್ದವರು ಮುಂದೆ ಬಂದರು, ಹೋದರೆ ಇನ್ನೊಬ್ಬರು ಬಂದರು.

ಇನ್ನೂ ಒಂದು ಸಣ್ಣ ಜಾಣತನ ಅದರಲ್ಲಿ ಮೊದಲಿನಿಂದಲೇ ಇತ್ತು. ಪ್ರತಿ ಕೇಳಿಕೆಯ ಬೆನ್ನ ಮೇಲೆ ಒಂದು ಅಂಕಿ, ಸಾಮಾನ್ಯವಾಗಿ 7. ಒಂದು ಕೈ ದಾಟಿದಂತೆ ಒಂದು ಕಡಿಮೆ. ಸೊನ್ನೆಯಾದರೆ ಕೇಳಿಕೆ ಅಲ್ಲೇ ಸಾಯುತ್ತದೆ. ಒಮ್ಮೆ ಬಂದ ಕೇಳಿಕೆ ಮತ್ತೆ ಬಂದರೆ ಗುರುತು ಹಿಡಿದು ಬಿಟ್ಟುಬಿಡುತ್ತಾರೆ.

2021ರ ಏಪ್ರಿಲ್‌ನಲ್ಲಿ ನಮ್ಮೆಲ್ಲರ ವಾಟ್ಸ್ಆ್ಯಪಿಗೆ ಬಂದ ಮೆಸೇಜುಗಳನ್ನು ನೆನಪಿಸಿಕೊಳ್ಳಿ. "ಇಲ್ಲಿ ಬೆಡ್ ಇದೆ", "ಈ ನಂಬರಿಗೆ ಕರೆ ಮಾಡಿ". ಯಾವ ದಿನದ್ದು? ಯಾವ ಊರಿನದು? ಗೊತ್ತಿಲ್ಲ. ಹತ್ತು ದಿನದ ಹಿಂದೆ ಖಾಲಿಯಾದ ಸಿಲಿಂಡರು ಇನ್ನೂ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಿತ್ತು. ಕಳಿಸಿದವರ ಮನಸ್ಸು ಒಳ್ಳೆಯದೇ. ಆದರೆ ಸಾವಿಲ್ಲದ ಮೆಸೇಜು ಬದುಕಿರುವ ಮೆಸೇಜಿನ ಕತ್ತು ಹಿಸುಕುತ್ತದೆ. ಆ ರಾತ್ರಿ ಕಾಕಾ ಕಳೆದ ಮೂರು ತಾಸಿನಲ್ಲಿ ಮುಕ್ಕಾಲು ಭಾಗ ಹೋದದ್ದು ಇಂಥ ನಂಬರುಗಳಿಗೆ ಕರೆ ಮಾಡುವುದರಲ್ಲೇ.

*

ಕಾಕಾನ ಮೇಜಿನ ಡ್ರಾವರಿನಲ್ಲಿ ಒಂದು ಉದ್ದನೆಯ ನೋಟುಬುಕ್ಕಿದೆ. ಅಂಚೆಲ್ಲ ಎಣ್ಣೆ ಕುಡಿದಿದೆ. ಒಂದೊಂದು ಕೆಲಸಕ್ಕೆ ಒಂದೊಂದು ಪುಟ: ಗ್ರೈಂಡಿಂಗ್, ಸ್ಲಾಟಿಂಗ್, ವೈರ್ ಕಟ್, ಹೀಟ್ ಟ್ರೀಟ್‌ಮೆಂಟ್. ಪ್ರತಿ ಪುಟದಲ್ಲಿ ಐದಾರು ಹೆಸರು. ಕೆಲಸ ಇಲ್ಲದ ದಿನವೂ ಮಧ್ಯಾಹ್ನ ಊಟದ ಮೇಲೆ ಒಂದೆರಡು ಫೋನ್ ಮಾಡುತ್ತಾರೆ. "ಹ್ಯಾಂಗ ನಡದದ? ಮಷೀನು ಖಾಲಿ ಅದ ಏನು?" ಅಷ್ಟೇ. ನಾನು ಇದನ್ನು ಹರಟೆ ಅಂದುಕೊಂಡಿದ್ದೆ.

ಹೊಸಬ ಬಂದು "ನಾನೂ ಗ್ರೈಂಡಿಂಗ್ ಮಾಡ್ತೀನಿ, ರೇಟು ಕಡಿಮೆ" ಅಂದರೆ ಕಾಕಾ ಹಳಬನನ್ನು ಕೂಡಲೇ ಹೊಡೆದುಹಾಕುವುದಿಲ್ಲ. ಬಹಳ ದಿನದಿಂದ ಮಾತಾಡದೇ ಇರುವ ಹಳಬನಿಗೆ ಮೊದಲು ಫೋನ್ ಮಾಡುತ್ತಾರೆ. ಎತ್ತಿದರೆ ಅವನ ಹೆಸರು ಇರುತ್ತದೆ. ಎತ್ತದಿದ್ದರೆ ಗೀಟು, ಆ ಜಾಗಕ್ಕೆ ಹೊಸಬ. ಯಾಕೆ ಹೀಗೆ ಎಂದು ಕೇಳಿದರೆ, "ಹತ್ತ ವರ್ಷ ಶಟರ್ ತೆಗದಾಂವ ನಾಳೆನೂ ತೆಗೀತಾನ. ನಿನ್ನೆ ತೆಗದಾಂವನ ಗ್ಯಾರಂಟಿ ಯಾರಿಗದ?" ಎಂದರು.

ನಾನು ಬೆರಗಾದೆ. 2002ರಲ್ಲಿ ಪೆಟರ್ ಮೇಮೌಂಕೊವ್ ಮತ್ತು ಡೇವಿಡ್ ಮಝಿಯೆರೆಸ್ ಎಂಬಿಬ್ಬರು ಕಡೆಮ್ಲಿಯಾ ಎಂಬ ವಿಧಾನವನ್ನು ಪ್ರಕಟಿಸಿದರು. ಇವತ್ತು ಟೊರೆಂಟುಗಳು ಕೇಂದ್ರವಿಲ್ಲದೆ ಒಂದನ್ನೊಂದು ಹುಡುಕಿಕೊಳ್ಳುವುದು ಇದೇ ವಿಧಾನದ ಮೇಲೆ. ಅದರಲ್ಲಿ ಯಾರ ಬಳಿಯೂ ಇಡೀ ಪಟ್ಟಿ ಇರುವುದಿಲ್ಲ. ಪ್ರತಿಯೊಬ್ಬರೂ ಹತ್ತಿರದವರಲ್ಲಿ ಬಹಳ ಮಂದಿಯನ್ನು, ದೂರದವರಲ್ಲಿ ಕೆಲವರನ್ನು ಮಾತ್ರ ನೆನಪಿಟ್ಟುಕೊಳ್ಳುತ್ತಾರೆ. ಹುಡುಕುವಾಗ "ನನಗೆ ಗೊತ್ತಿಲ್ಲ, ಆದರೆ ನನಗಿಂತ ಹತ್ತಿರದವರು ಇವರು" ಎಂದು ದಾರಿ ತೋರಿಸುತ್ತಾ ಹೋಗುತ್ತಾರೆ. ಲಕ್ಷಾಂತರ ಕಂಪ್ಯೂಟರುಗಳಿದ್ದರೂ ಕೆಲವೇ ಹೆಜ್ಜೆಯಲ್ಲಿ ತಲುಪಬಹುದು.

ಆ ಲೇಖನದಲ್ಲಿ ಕಾಕಾನ ಗೀಟಿನ ನಿಯಮ ಹಾಗೆಯೇ ಇದೆ. ಪ್ರತಿ ಗುಂಪಿಗೆ ಸಾಮಾನ್ಯವಾಗಿ 20 ಹೆಸರು. ಪಟ್ಟಿ ತುಂಬಿದ್ದಾಗ ಹೊಸಬ ಬಂದರೆ, ಬಹಳ ಹೊತ್ತಿನಿಂದ ಸದ್ದಿಲ್ಲದವನನ್ನು "ಇದ್ದೀಯಾ?" ಎಂದು ಕೇಳು, ಉತ್ತರ ಬಂದರೆ ಹಳಬನನ್ನೇ ಉಳಿಸಿಕೊ. ಕಾರಣವೂ ಅದೇ. ನುಟೆಲ್ಲಾದ ಅಂಕಿಅಂಶ ನೋಡಿದಾಗ ಅವರಿಗೆ ಕಂಡದ್ದು, ಎಷ್ಟು ಹೆಚ್ಚು ಹೊತ್ತು ಜಾಲದಲ್ಲಿದ್ದಾನೋ ಇನ್ನೊಂದು ತಾಸು ಇರುವ ಸಂಭವ ಅಷ್ಟು ಹೆಚ್ಚು. ಇನ್ನೊಂದು ನಿಯಮವೂ ಇದೆ. ಯಾವ ಮಾಹಿತಿಯೂ ಶಾಶ್ವತವಲ್ಲ. ಇಟ್ಟವರು ದಿನಕ್ಕೊಮ್ಮೆಯಾದರೂ ಮತ್ತೆ "ಇದು ಇನ್ನೂ ನಿಜ" ಎಂದು ಹೇಳುತ್ತಿರಬೇಕು. ಹೇಳದಿದ್ದರೆ ಅದು ತಾನೇ ಅಳಿಯುತ್ತದೆ.

ಹಳಬರನ್ನೇ ಹಿಡಿದು ಕೂತರೆ ಜಾಲ ಮುದಿಯಾಗುವುದಿಲ್ಲವೇ? ಇದಕ್ಕೆ ಬಿಟ್‌ಟೊರೆಂಟ್ ಕಂಡುಕೊಂಡ ಉತ್ತರ ನನಗೆ ಇಷ್ಟ. 2001ರಲ್ಲಿ ಅದನ್ನು ಬರೆದವನು ಬ್ರಾಮ್ ಕೋಹೆನ್. ಅವನ ವಿಧಾನದಲ್ಲಿ ನನ್ನ ಕಂಪ್ಯೂಟರು ಒಂದು ಹೊತ್ತಿಗೆ ಸಾಮಾನ್ಯವಾಗಿ ನಾಲ್ವರಿಗೆ ಕಡತದ ತುಂಡುಗಳನ್ನು ಕೊಡುತ್ತದೆ. ಯಾರು ನನಗೆ ಚೆನ್ನಾಗಿ ಕೊಡುತ್ತಿದ್ದಾರೋ ಅವರಿಗೆ ಮೊದಲು. ಹತ್ತು ಸೆಕೆಂಡಿಗೊಮ್ಮೆ ಈ ಲೆಕ್ಕ ಮತ್ತೆ ನಡೆಯುತ್ತದೆ. ಆದರೆ ಒಂದು ಜಾಗ ಮಾತ್ರ ಲೆಕ್ಕಕ್ಕೆ ಸಿಗದ ಅಪರಿಚಿತನಿಗೆ. ಮೂವತ್ತು ಸೆಕೆಂಡಿಗೊಮ್ಮೆ ಆ ಅಪರಿಚಿತ ಬದಲಾಗುತ್ತಾನೆ. ಅವನಿಂದ ಇನ್ನೂ ಏನೂ ಬಂದಿಲ್ಲ. ಆದರೂ ಕೊಟ್ಟು ನೋಡುವುದು. ನಾಳೆ ಇರುವವರಲ್ಲಿ ಅವನೇ ಒಳ್ಳೆಯವನಾಗಬಹುದು. ಜೊತೆಗೆ, ಯಾವ ತುಂಡು ಜಾಲದಲ್ಲಿ ಎಲ್ಲಕ್ಕಿಂತ ಕಡಿಮೆ ಜನರ ಬಳಿ ಇದೆಯೋ ಅದನ್ನು ಮೊದಲು ಪಡೆದುಕೊಳ್ಳುವುದು. ಆ ಒಬ್ಬ ಹೋದರೂ ತುಂಡು ಕಳೆಯಬಾರದಲ್ಲ.

ಕೊಡದವರ ಕಾಟವೂ ಇದ್ದದ್ದೇ. 2000ದಲ್ಲಿ ಎಯ್ಟನ್ ಅಡಾರ್ ಮತ್ತು ಬರ್ನಾರ್ಡೊ ಹ್ಯೂಬರ್‌ಮನ್ ಎಂಬ ಸಂಶೋಧಕರು ನುಟೆಲ್ಲಾವನ್ನು ಅಳೆದು ನೋಡಿದಾಗ ಬಳಕೆದಾರರಲ್ಲಿ ಸುಮಾರು 70 ಶೇಕಡಾ ಜನ ಒಂದು ಕಡತವನ್ನೂ ಹಂಚುತ್ತಿರಲಿಲ್ಲ. ಬಂದ ಉತ್ತರಗಳಲ್ಲಿ ಅರ್ಧದಷ್ಟು, ಹಂಚುವವರಲ್ಲಿನ ಮೇಲಿನ 1 ಶೇಕಡಾ ಜನರಿಂದಲೇ ಬರುತ್ತಿದ್ದವು. ನಮ್ಮ ನಲವತ್ತು ಮನೆಗಳ ಗುಂಪು ನೆನೆದು ನಕ್ಕೆ. ನಿಮ್ಮ ಊರಿನ ಕನ್ನಡ ಸಂಘ ನಿಮಗೆ ನೆನಪಾದರೆ ಅದು ನನ್ನ ತಪ್ಪಲ್ಲ.

*

ನಗುವಿನ ಹಿಂದೆ ಒಂದು ಅಪಾಯವಿದೆ. ಕೆಲವರೇ ಎಲ್ಲ ಮಾಡುವ ಜಾಲ ಮೇಲ್ನೋಟಕ್ಕೆ ಸರೀಕರದೇ, ಒಳಗೆ ಮಾತ್ರ ಮತ್ತೆ ಕೇಂದ್ರವಾಗಿಬಿಟ್ಟಿರುತ್ತದೆ. ಇದಕ್ಕೆ ನಮ್ಮೆಲ್ಲರಿಗೂ ಗೊತ್ತಿರುವ ಉದಾಹರಣೆ ಸ್ಕೈಪ್.

ಊರಿನಲ್ಲಿ ಅಪ್ಪ ಅಮ್ಮ ಕಂಪ್ಯೂಟರಿನ ಮುಂದೆ ಕೂತು, "ಕೇಳಸ್ತದ ಏನು? ಕಾಣಸ್ತೀಯೇನು?" ಎಂದು ಕೂಗುತ್ತಿದ್ದ ದಿನಗಳು ನೆನಪಿರಬೇಕು. 2003ರಲ್ಲಿ ಬಂದ ಸ್ಕೈಪ್ ಆಗ ಸರೀಕರ ಜಾಲವೇ. ಬಳಕೆದಾರರಲ್ಲಿ ಒಳ್ಳೆಯ ಲೈನು ಇದ್ದವರ ಕಂಪ್ಯೂಟರುಗಳೇ ಸೂಪರ್‌ನೋಡ್‌ಗಳಾಗಿ ಉಳಿದವರು ಒಬ್ಬರನ್ನೊಬ್ಬರು ಹುಡುಕಲು ನೆರವಾಗುತ್ತಿದ್ದವು. 2007ರ ಆಗಸ್ಟ್‌ನಲ್ಲಿ ಒಂದು ವಿಂಡೋಸ್ ಅಪ್‌ಡೇಟ್ ಆದ ಮೇಲೆ ಜಗತ್ತಿನ ಅಸಂಖ್ಯ ಕಂಪ್ಯೂಟರುಗಳು ಹೆಚ್ಚುಕಡಿಮೆ ಒಟ್ಟಿಗೇ ರೀಸ್ಟಾರ್ಟ್ ಆದವು. ದಾರಿ ತೋರಿಸುವವರು ಏಕಕಾಲಕ್ಕೆ ಮಾಯವಾದರು, ದಾರಿ ಕೇಳುವವರು ಏಕಕಾಲಕ್ಕೆ ನುಗ್ಗಿದರು. ಜಾಲ ಬಿದ್ದಿತು. 2010ರ ಡಿಸೆಂಬರ್ 22ರಂದು ಮತ್ತೆ. ಈ ಸಲ ಸ್ಕೈಪಿನದೇ ಒಂದು ಆವೃತ್ತಿಯಲ್ಲಿ ದೋಷವಿತ್ತು. ಸೂಪರ್‌ನೋಡ್‌ಗಳಲ್ಲಿ ಸುಮಾರು ಕಾಲು ಭಾಗ ಬಿದ್ದವು. ಅವುಗಳ ಭಾರ ಉಳಿದವುಗಳ ತಲೆಗೆ ಬಂತು, ಅವೂ ಬಿದ್ದವು. ಒಬ್ಬೊಬ್ಬರಾಗಿ ಹೋಗುವುದನ್ನು ಇಂಥ ಜಾಲ ತಡೆದುಕೊಳ್ಳುತ್ತದೆ. ಎಲ್ಲರೂ ಒಂದೇ ಕಾರಣಕ್ಕೆ ಒಟ್ಟಿಗೆ ಹೋಗುವುದನ್ನು ತಡೆದುಕೊಳ್ಳುವುದಿಲ್ಲ. ಕೊನೆಗೆ ಮೈಕ್ರೋಸಾಫ್ಟ್ 2012ರಲ್ಲಿ ಸೂಪರ್‌ನೋಡ್‌ಗಳನ್ನೆಲ್ಲ ತನ್ನದೇ ಸರ್ವರುಗಳಿಗೆ ತಂದಿತು. 2025ರ ಮೇ 5ರಂದು ಸ್ಕೈಪ್ ಮುಚ್ಚಿಯೇ ಹೋಯಿತು.

ಹಾಗಾದರೆ ಕೇಂದ್ರವೇ ಮೇಲಲ್ಲವೇ ಎಂದು ಕೇಳಬಹುದು. ಎಷ್ಟೋ ಕೆಲಸಕ್ಕೆ ಹೌದು. ನನ್ನ ಸಂಬಳ ಬರುವುದೇ ಅದರಿಂದ. ಆದರೆ ಕೇಂದ್ರ ಇಟ್ಟುಕೊಳ್ಳಬೇಕಾದರೆ ಅದು ಮಲಗದಂತೆ ನೋಡಿಕೊಳ್ಳಲು ದುಡ್ಡು, ಜನ, ಪಾಳಿ ಎಲ್ಲ ಬೇಕು. ನಲವತ್ತು ಮನೆಯ ಗುಂಪಿಗೆ ಅದಿಲ್ಲ. ಇಲ್ಲದವರು ಕೇಂದ್ರ ಕಟ್ಟಿದರೆ, ಒಬ್ಬನ ಜ್ವರ ಎಲ್ಲರ ಜ್ವರವಾಗುತ್ತದೆ.

*

ಆ ಚಹಾದ ಮೇಲೆ ನಾವು ವ್ಯವಸ್ಥೆ ಬದಲಿಸಿದೆವು. ಹೆಚ್ಚಿನದೆಲ್ಲ ಕಾಕಾನ ಶೆಡ್ಡಿನಿಂದಲೇ ಬಂತು.

ಶೆಡ್ಡಿನಲ್ಲಿ ಪ್ರತಿ ಮಾಲಿನ ಜೊತೆ ಒಂದು ಜಾಬ್ ಕಾರ್ಡ್ ಓಡಾಡುತ್ತದೆ. ಎಲ್ಲಿಂದ ಬಂತು, ಏನಾಯಿತು, ಮುಂದೆ ಎಲ್ಲಿಗೆ, ಎಲ್ಲ ಅದರಲ್ಲೇ. ನೋಟುಬುಕ್ಕು ಕಳೆದರೂ ಮಾಲು ತನ್ನ ಕಥೆಯನ್ನು ತಾನೇ ಹೇಳುತ್ತದೆ. ನಮ್ಮ ಮೂರು ಯಂತ್ರಗಳಿಗೂ ಪ್ಲಾಸ್ಟಿಕ್ ಕವರಿನಲ್ಲಿ ಒಂದೊಂದು ಕಾರ್ಡ್ ಕಟ್ಟಿದೆವು. ರೋಗಿಯ ಹೆಸರಿಲ್ಲ, ಮನೆಯ ಫೋನ್ ನಂಬರು ಮತ್ತು ದಿನಾಂಕ ಮಾತ್ರ. ಯಂತ್ರ ಹೊರಟಾಗ ಕೊಟ್ಟ ಮನೆ, ಪಡೆದ ಮನೆ, ಜೊತೆಗೆ ಅಕ್ಕಪಕ್ಕದ ಇನ್ನೊಂದು ಮನೆ, ಹೀಗೆ ಮೂವರಿಗೆ ಗೊತ್ತಿರಬೇಕು. ನನ್ನ ಒಪ್ಪಿಗೆ ಬೇಡ. ಗುಟ್ಟೂ ಉಳಿಯಿತು, ಬೀಗವೂ ಹೋಯಿತು.

ಗುಂಪಿನಲ್ಲಿ ಸಹಾಯದ ಮೆಸೇಜಿಗೆ ತಾರೀಕು, ವೇಳೆ ಕಡ್ಡಾಯ. ಒಂದು ದಿನ ದಾಟಿದರೆ ಹಾಕಿದವರೇ ಅಳಿಸಬೇಕು ಅಥವಾ "ಇನ್ನೂ ಇದೆ" ಎಂದು ಹೇಳಬೇಕು. ಹೊರಗಿನ ನಂಬರು ಕಳಿಸುವ ಮೊದಲು ತಾವೇ ಒಮ್ಮೆ ಕರೆ ಮಾಡಿ ನೋಡಬೇಕು.

ಕೊನೆಯದು, ಪ್ರತಿ ಮನೆಯವರು ಐದು ಮನೆಗಳ ನಂಬರನ್ನು ಕಾಗದದ ಮೇಲೆ ಬರೆದುಕೊಂಡು, ತಿಂಗಳ ಮೊದಲ ಭಾನುವಾರ ಕರೆ ಮಾಡಬೇಕು. ನಾಲ್ಕು ಗೊತ್ತಿದ್ದವರು, ಒಬ್ಬರು ಗುಂಪಿಗೆ ಹೊಸದಾಗಿ ಬಂದವರು. ಆ ಐದನೆಯವರ ವಿಷಯದಲ್ಲಿ ನನ್ನದು ಹಟ.

ಎಲ್ಲ ಚಂದ ನಡೆಯಿತು ಎಂದು ಬರೆದರೆ ಸುಳ್ಳಾಗುತ್ತದೆ. 2021ರ ಜೂನ್ ಹೊತ್ತಿಗೆ ಅಲೆ ಇಳಿಯಿತು. ಯಂತ್ರಗಳಲ್ಲಿ ಒಂದು ಬೀದರಿಗೆ ಹೋಯಿತು, ಒಂದು ನಮ್ಮ ಅಟ್ಟದ ಮೇಲಿದೆ. ಭಾನುವಾರದ ಕರೆಗಳು ನಲವತ್ತು ಮನೆಯಿಂದ ಮೂವತ್ತಕ್ಕೆ, ಹದಿನೈದಕ್ಕೆ ಇಳಿದವು. ಕೆಲವರು ಬೆಂಗಳೂರಿಗೆ ಹೋದರು, ಕೆಲವರು ಕೊಂಡಾಪುರದ ಅಪಾರ್ಟ್‌ಮೆಂಟುಗಳಿಗೆ. ಎಲ್ಲ ಚೆನ್ನಾಗಿರುವಾಗ "ಇದ್ದೀರಾ?" ಎಂದು ಕೇಳುವುದು ನಮಗೆ ಸಂಕೋಚ. ಕಂಪ್ಯೂಟರಿಗೆ ಆ ಸಂಕೋಚವಿಲ್ಲ. ಅದಕ್ಕೇ ಅದರ ಜಾಲ ಉಳಿಯುತ್ತದೆ. ಪರಿಸ್ಥಿತಿ ಬದಲಾದ ಮೇಲೆ ಅದು ಹೊಂದಿಕೊಳ್ಳಲು ಶುರುಮಾಡುವುದಿಲ್ಲ. ಏನೂ ಬದಲಾಗದ ಹೊತ್ತಿನಲ್ಲೂ ಕೇಳುತ್ತಲೇ ಇರುತ್ತದೆ.

ಕಾಕಾನ ಓಣಿಯೂ ಬದಲಾಗುತ್ತಿದೆ. ಚೌರಸ್ತಾದ ಮೇಲೆ 2021ರ ಜುಲೈನಲ್ಲಿ ಫ್ಲೈಓವರ್ ಬಂತು. ಬಾಡಿಗೆ ಏರಿದೆ. ಸ್ಲಾಟಿಂಗ್ ಮಾಡುತ್ತಿದ್ದ ಶೆಡ್ಡು ಈಗ ಬಿರಿಯಾನಿ ಹೋಟೆಲು. ಕಾಕಾನ ಮಗನಿಗೆ ಲೇತ್ ಬೇಡ, ಕಂಪ್ಯೂಟರಿನ ಕೆಲಸವೇ ಬೇಕು. ಹೋದ ತಿಂಗಳು ಹೋದಾಗ ನೋಟುಬುಕ್ಕು ತೆರೆದು ಕೂತಿದ್ದರು. ಗೀಟು ಹೊಡೆದ ಹೆಸರುಗಳೇ ಹೆಚ್ಚಿದ್ದವು. ಎಷ್ಟು ದಿನ ಇರತದೋ ಈ ಓಣಿ ಎಂದೆ.

"ನನಗೇನು ಗೊತ್ತು?" ಅಂದರು. ಆಮೇಲೆ ಕನ್ನಡಕ ಏರಿಸಿ ಒಂದು ಹೊಸ ಹೆಸರು ಬರೆದರು. ಜೀಡಿಮೆಟ್ಲದಲ್ಲಿ ಒಬ್ಬ ಹುಡುಗ ವೈರ್ ಕಟ್ ಮಷೀನು ಹಾಕಿದ್ದಾನಂತೆ. ಒಡಿಶಾದವನು. "ಒಂದು ಸಣ್ಣ ಕೆಲಸ ಕೊಟ್ಟು ನೋಡೀನಿ. ಛಲೋ ಮಾಡ್ಯಾನ."

ಈ ಅಂಕಣ ಓದುತ್ತಿರುವ ನೀವು ಮುಂಬೈಯಲ್ಲಿರಬಹುದು, ಚೆನ್ನೈಯಲ್ಲಿರಬಹುದು, ದಿಲ್ಲಿಯಲ್ಲಿರಬಹುದು. ನಿಮಗೂ ಒಂದು ಗುಂಪು ಇದ್ದೇ ಇರುತ್ತದೆ. ಅದರ ಪಟ್ಟಿ ಯಾರ ಫೋನಿನಲ್ಲಿದೆ, ಆ ಫೋನು ಮೂರು ದಿನ ಆಫ್ ಆದರೆ ಏನಾಗುತ್ತದೆ, ಒಮ್ಮೆ ಕೇಳಿನೋಡಿ. ಬರುವ ಭಾನುವಾರ ಐದು ಮನೆಗೆ ಕರೆ ಮಾಡಿ. ಕೆಲಸ ಏನೂ ಇಲ್ಲ, ಸುಮ್ಮನೆ ಮಾಡಿದೆ ಅನ್ನಿ. ಐದನೆಯದು ಹೊಸಬರಿಗಿರಲಿ.

ನನ್ನ ಪಟ್ಟಿಯ ಮೊದಲ ಹೆಸರು ಕಾಕಾನದು. ಆದರೆ ಅವರಿಗೆ ಮೊದಲು ಕರೆ ಮಾಡಲು ಇವತ್ತಿನವರೆಗೂ ನನಗೆ ಆಗಿಲ್ಲ. ಭಾನುವಾರ ಬೆಳಗ್ಗೆ ಏಳಕ್ಕೇ ಅವರ ಫೋನು ಬಂದಿರುತ್ತದೆ. "ಇದ್ದೀಯೇನು ತಮ್ಮಾ? ಫೋನು ಚಾರ್ಜ್ ಅದ ಏನು?"